ಒನ್ಸ್ ಮೋರ್ ಎಂದ ಸಂಜೆ

ಕಳೆದ ನವೆಂಬರಿನಲ್ಲಿ ಜರ್ಮನಿಯ ಕಲೋನಿನ ಒಂದಷ್ಟು ಕನ್ನಡ ಕುಟುಂಬಗಳು ಸೇರಿ, ಚರ್ಚೊಂದರ ಸಭಾಂಗಣ ಬಾಡಿಗೆಗೆ ಹಿಡಿದು ವಿವಿಧ ವಿನೋದಾವಳಿ ಇಟ್ಟುಕೊಂಡಿದ್ದೆವು. ನಿರೂಪಣೆ ನನ್ನದು. ಓದಿದವಳೆಂಬ ಜಂಬಕ್ಕೆ ವೋಡ್ವಿಲ್ ಬಗ್ಗೆ ನಾಲ್ಕು ಮಾತು ಬರೆದುಕೊಂಡಿದ್ದೆ. ಹಾಡು, ಕುಣಿತ, ಜಾದೂ, ಅಣಕು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಆಟಗಳನ್ನು ಒಂದೇ ಸಂಜೆಗೆ ಪೋಣಿಸುವುದು ಅದರ ರೀತಿ. ಜರ್ಮನಿಯಲ್ಲಿ ಇಂಥದ್ದಕ್ಕೆ ವರಿಯೆಟೇ ಎನ್ನುತ್ತಾರೆ. ಒಂದೊಂದು ಆಟವೂ ಒಂದೊಂದು ನಂಬರ್. ವೋಡ್ವಿಲ್ ಎಂಬ ಹೆಸರು ಫ್ರೆಂಚರದು. ವೀರ್ ನದಿಯ ಕಣಿವೆಯಲ್ಲಿ ಹಾಡುತ್ತಿದ್ದ ಲಾವಣಿಗಳಿಂದ ಬಂತೆಂದು ಕೆಲವರು, ಪಟ್ಟಣದ ದನಿ ಎಂಬ ಮಾತಿನಿಂದ ಬಂತೆಂದು ಕೆಲವರು ಹೇಳುತ್ತಾರೆ. ‘ಮೂಲ ಮರೆತರೂ ಆಟ ನಡೆಯುತ್ತಲೇ ಇರುತ್ತದೆ’ ಎಂದು ಮುಗಿಸಿ ಖುಷಿಪಟ್ಟಿದ್ದೆ.

ಕಾರ್ಯಕ್ರಮ ಶುರುವಾಗುವ ಮೊದಲು ಕಾಕು ನನ್ನನ್ನು ಅಡುಗೆಕೋಣೆಗೆ ಕರೆದರು. ಕಾಕಾ, ಕಾಕು ಎಂದು ನಾವೆಲ್ಲ ಕರೆಯುವುದು ಧಾರವಾಡದಿಂದ ಬಂದು ದಶಕಗಳಿಂದ ಇಲ್ಲೇ ಇರುವ ಹಿರಿಯ ದಂಪತಿಯನ್ನು. ಕಾಕಾ ನಿವೃತ್ತ ರಸಾಯನ ವಿಜ್ಞಾನಿ. ರೈಲು ನಿಲ್ದಾಣದ ಅಣಕು ಪ್ರತಿವರ್ಷ ಅವರದೇ.

“ತಂಗಿ, ಯಾರಿಗೂ ಹೇಳಬ್ಯಾಡ. ಇವರಿಗೆ ಮರೆವು ಸುರು ಆಗೇದ. ಡಾಕ್ಟರು ಹೇಳ್ಯಾರ.”

“ಹಾಗಾದ್ರೆ ಈ ಸಲ ಬೇಡ ಅನ್ನೋಣವಾ ಕಾಕು?”

“ಬ್ಯಾಡ ಅಂದ್ರ ಮಂದಿ ಯಾಕಂತ ಕೇಳ್ತಾರ. ಒಮ್ಮೆ ಛಂದಾಗಿ ಮಾಡಿ ಇಳೀಲಿ. ಯಾರಿಗೂ ಗೊತ್ತಾಗಬಾರದು, ಅಷ್ಟ.”

ನನ್ನ ಮುನ್ನುಡಿಯ ಕೊನೆಯ ಸಾಲನ್ನು ಬಿಟ್ಟು ಓದಿದೆ.

“ನಮಸ್ಕಾರ್ರೀ ಎಲ್ಲಾರಿಗೂ! ಇವತ್ತ ನಿಮ್ಮನ್ನ ಹುಬ್ಬಳ್ಳಿ ಸ್ಟೇಶನ್ನಿಗೆ ಕರಕೊಂಡು ಹೋಗ್ತೀನಿ” ಎಂದು ಕಾಕಾ ಶುರುಮಾಡಿದರು. ಚಹಾ ಮಾರುವವನ ಕೂಗು, ಇಂಜಿನ್ನಿನ ಸಿಳ್ಳು, ಆಮೇಲೆ ಗಾಡಿ ರದ್ದಾಗಿದೆ ಎಂದು ಸಾರುವ ಇಲ್ಲಿಯ ಸ್ಟೇಷನ್ನಿನ ತಣ್ಣನೆಯ ಹೆಣ್ಣುದನಿ. “ಗಾಡಿ ಬರೂದಿಲ್ಲಂದ್ರ ಹಳಿ ಯಾಕ ಹಾಕೀರೋ ಮಾರಾಯಾ!” ಎಂಬಲ್ಲಿಗೆ ಜನ ಬಿದ್ದು ಬಿದ್ದು ನಕ್ಕರು. ಒಂದು ಮಾತೂ ತಪ್ಪಲಿಲ್ಲ.

ಚಪ್ಪಾಳೆ ನಿಂತಿತು. ಕಾಕಾ ಇಳಿಯಲಿಲ್ಲ. ಗಂಟಲು ಸರಿಮಾಡಿಕೊಂಡರು.

“ನಮಸ್ಕಾರ್ರೀ ಎಲ್ಲಾರಿಗೂ! ಇವತ್ತ ನಿಮ್ಮನ್ನ—”

“ಒನ್ಸ್ ಮೋರ್!” ಮುಂದಿನ ಸಾಲಿನಿಂದ ಕಾಕು ಕೂಗಿದರು.

ನಮ್ಮ ಕಂಪನಿ ನಾಟಕಗಳಲ್ಲಿ ಹಾಗೆ ಕೂಗಿದರೆ ನಟ ಅದೇ ಹಾಡನ್ನು ಮತ್ತೆ ಹಾಡಬೇಕು. ಹಿರಿಯರಿಗೆ ಅದು ನೆನಪಾಗಿ ಅವರೂ ದನಿಗೂಡಿಸಿದರು. ಕಾಕು ಕೂಗಿದ್ದು ಕಾಕಾ ಬಾಯಿ ತೆರೆಯುವ ಮೊದಲೋ, ನಂತರವೋ? ದಿನಚರಿಯಲ್ಲಿ ಮೊದಲು ಎಂದು ಬರೆದಿದ್ದೇನೆ. ಮೊದಲಾಗಿದ್ದರೆ ಕಾಕಾ ಜನರ ಮಾತಿಗೆ ಓಗೊಟ್ಟಂತಾಯಿತು. ಆದರೆ ಈಗ ನೆನೆದರೆ ನಂತರವೇ ಎಂದು ಕೇಳಿಸುತ್ತದೆ. ಮೇಲೆ ಹಾಗೇ ಬರೆದಿದ್ದೇನೆ. ಅವತ್ತು ಕಾಕುವಿಗೋಸ್ಕರ ತಿದ್ದಿ ಬರೆದಿರಬಹುದು.

ಎರಡನೆಯ ಸಲವೂ ಮುಗಿಯಿತು. ಕಾಕಾ ಮತ್ತೆ ಗಂಟಲು ಸರಿಮಾಡಿಕೊಂಡರು. ಈ ಬಾರಿ ಕಾಕು ಕೂಗಲಿಲ್ಲ. ಕೂಗಬೇಕಾಗಿಯೂ ಇರಲಿಲ್ಲ. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ನಮ್ಮ ಮಕ್ಕಳು ಈ ಆಟ ಕಲಿತುಬಿಟ್ಟಿದ್ದರು. ಕಾಲು ಬಡಿಯುತ್ತ “ಒನ್ಸ್ ಮೋರ್! ಒನ್ಸ್ ಮೋರ್!” ಎಂದು ಕೂಗತೊಡಗಿದರು.

“ಕಾಕಾ ಸೂಪರ್ ಮಗಾ, ಇಳಿಯೋಕೆ ಬಿಡಬೇಡಿ ಗುರು!” ಹಿಂದಿನಿಂದ ಯಾರೋ ಹುಡುಗ ಅರಚಿದ.

ಕಾಕಾ ಮುಗುಳ್ನಕ್ಕು ಮತ್ತೆ ಹುಬ್ಬಳ್ಳಿಗೆ ಹೊರಟರು. ಅದೇ ಚಹಾ, ಅದೇ ಸಿಳ್ಳು. ಕಾಕು ತಿರುಗಿ ನನ್ನನ್ನೇ ನೋಡಿದರು. ಅಣಕು ಮುಗಿಯುವುದನ್ನೇ ಕಾದು, ವೇದಿಕೆ ಹತ್ತಿ, “ಮುಂದಿನ ನಂಬರ್, ಮಕ್ಕಳ ನೃತ್ಯ” ಎಂದೆ.

ಕಾಕಾ ನನ್ನ ಕಡೆ ಬಾಗಿ, ಬಹಳ ಹೊತ್ತಿನಿಂದ ತಾಳ್ಮೆಯಿಂದ ಕಾದವರಂತೆ ಕೇಳಿದರು: “ತಂಗಿ, ನನ್ನ ನಂಬರ್ ಯಾವಾಗ ಬರ್ತದ?”

ಅಷ್ಟರಲ್ಲಿ ಮೈಕನ್ನು ಅಂಗೈಯಿಂದ ಮುಚ್ಚಿದ್ದೆ ಎಂದೇ ನನ್ನ ನೆನಪು. ಆದರೆ ಸಭೆ ಗೊಳ್ಳೆಂದು ನಕ್ಕಿತು. ಮುಚ್ಚಿದ್ದರೆ ಅವರಿಗೆ ಕೇಳಿಸುತ್ತಿರಲಿಲ್ಲ.

ಯಾರಿಗೂ ಗೊತ್ತಾಗಲಿಲ್ಲ. ಕಾಕು ಬಯಸಿದ್ದು ಅದೇ. ಊಟ ಮುಗಿದು ಹೊರಡುವಾಗ ಜನ ಕಾಕಾರ ಕೈ ಕುಲುಕಿದರು. “ಮುಂದಿನ ವರ್ಷನೂ ಇದನ್ನೇ ಮಾಡ್ಬೇಕು ಕಾಕಾ!”

“ಮಾಡೋಣ್ರೀ” ಎಂದರು ಅವರು. “ಈ ವರ್ಷ ಅಂತೂ ಯಾರೂ ಕರೀಲಿಲ್ಲ.”

ಮತ್ತೆ ನಗು. ಕಾಕು ತಲೆ ಎತ್ತದೆ ಗಂಡನ ಕೋಟಿನ ಗುಂಡಿ ಹಾಕುತ್ತಿದ್ದರು. ಬಾಗಿಲಲ್ಲಿ ಮಕ್ಕಳು ಇನ್ನೂ ಕೂಗುತ್ತಲೇ ಇದ್ದರು.