ಬೇಲಿಯ ನುಡಿ ಬರುವ ಮೊದಲೇ

ನಮ್ಮೂರ ಹೆಂಗಸರು ಮೀನು ಒಣಗಿಸುವ ದಂಡೆಗೆ ಬೇಲಿ ಹಾಕಲು ರೆಸಾರ್ಟಿನವರು ಕಂಬ ತಂದು ರಾಶಿ ಹಾಕಿದ್ದರು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಹೊನ್ನಾವರದ ಮಹಿಳಾ ಸಮಾವೇಶಕ್ಕೆ ಜಿಲ್ಲೆಯ ದೊಡ್ಡ ಸಾಹೇಬರು ಬರುತ್ತಾರೆಂದು ತಿಳಿದು, ಅವರೆದುರೇ ಹೇಳಿಬಿಡುವುದೆಂದು ನನ್ನ ಅತ್ತೆ ಮತ್ತು ಅವರ ವಾರಿಗೆಯ ನಾಲ್ವರು ಹಾಡು ಕಟ್ಟಿದರು. ಸಿಕ್ಕಿದ್ದು ಐದೇ ನಿಮಿಷ.

"ಅತ್ತೆ, ದೇವರ ನುಡಿ ಬಿಟ್ಟು ಸೀದಾ ಬೇಲಿಗೇ ಬನ್ನಿ," ಎಂದೆ.

"ಎಂತ ಮಾತಾಡ್ತಿ ನೀನು? ದೇವರ ಕೇಳ್ದೆ ಸಾಹೇಬನ ಕೇಳುದಾ?" ಎಂದರು. ಉಳಿದವರು ನಕ್ಕರು.

ಒಬ್ಬೊಬ್ಬ ದೇವರಿಗೂ ಒಂದೊಂದು ನುಡಿ. ಇಬ್ಬರು ಹೇಳಿದ್ದನ್ನು ಮೂವರು ತಿರುಗಿ ಹೇಳಬೇಕು. ಸಮಾವೇಶದ ವೇದಿಕೆಯಲ್ಲಿ ಗಣಪತಿ, ಊರಮ್ಮ, ಸಮುದ್ರರಾಜ ಮುಗಿದು ಭೂಮಿತಾಯಿಗೆ ಬರುವಷ್ಟರಲ್ಲಿ ಸಾಹೇಬರು ಎದ್ದು ಚಪ್ಪಾಳೆ ತಟ್ಟಿದರು. ನಿರೂಪಕಿ ಮೈಕ್ ತೆಗೆದುಕೊಂಡಳು. ಐವರಿಗೂ ಶಾಲು ಹೊದಿಸಿ, "ಇಂಥ ಹಾಡು ಉಳೀಬೇಕು ನೋಡಿ ಅಜ್ಜಿ," ಎಂದು ಸಾಹೇಬರು ಹೊರಟೇಬಿಟ್ಟರು. ಹಾಡು ಬರೆದಿಟ್ಟಿದ್ದ ಹಾಳೆ ಹಿಡಿದು ನಾನು ಕಾರಿನ ತನಕ ಓಡಿದೆ. ಗಾಜು ಏರಿಸಿಯಾಗಿತ್ತು.

ಹಾಡನ್ನು ಅರ್ಧಕ್ಕೆ ಬಿಟ್ಟು ಮನೆಯ ಹೊಸ್ತಿಲು ದಾಟಬಾರದೆಂಬುದು ನಮ್ಮಲ್ಲಿ ಪದ್ಧತಿ. ಹಾಗಾಗಿ ವಾಪಸು ಬರುವ ಟೆಂಪೋದಲ್ಲಿ, ಶಾಲು ಮಡಿಲಲ್ಲಿಟ್ಟುಕೊಂಡು ಅತ್ತೆ ಬೇಲಿಯ ನುಡಿ ಎತ್ತಿದರು. ಸಾಹೇಬರಿಗೆಂದೇ ಕಟ್ಟಿದ ಎಂಟು ನುಡಿಗಳನ್ನೂ ಒಂದೂ ಬಿಡದೆ ಹಾಡಿದರು.

"ಭಾರೀ ಚಂದ ಆತು ಅಜ್ಜಿ! ಯಾರ ಮದುವೆ ಮುಗಿಸ್ಕಂಡು ಬಂದ್ರಿ?" ಎಂದ ಕಂಡಕ್ಟರ್.

ಅಷ್ಟರಲ್ಲಿ ನಮ್ಮ ಸ್ಟಾಪು ಬಂತು. ಇಳಿದು ನೋಡಿದರೆ ದಂಡೆಯಲ್ಲಿ ಮೊದಲ ಸಾಲು ಕಂಬ ಎದ್ದು ನಿಂತಿತ್ತು.