ಅಕ್ಕನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ

ಸಜ್ಜೆ ರೊಟ್ಟಿ ಮಾಡುವುದು ಹೇಗೆ ಎಂದು ನಮ್ಮ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಶ್ರಾವಣಕ್ಕೂ ಯಾರಾದರೂ ಕೇಳುತ್ತಾರೆ. ನಾನು ಅಕ್ಕನ ರೀತಿಯನ್ನೇ ಬರೆದು ಕಳಿಸುತ್ತೇನೆ. ಹಿಟ್ಟು ಹೊಸದಾಗಿ ಬೀಸಿಸಿದ್ದಿರಬೇಕು, ಹಳತಾದರೆ ಕಹಿ. ಕುದಿಯುವ ನೀರು ಹಾಕಿ, ಕೈ ಚುರುಕ್ಕೆಂದರೂ ಬಿಡದೆ ನಾದಬೇಕು. ತೆಳ್ಳಗೆ ಬಡಿದು, ಮೇಲೆ ಎಳ್ಳು ಒತ್ತಿ, ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆಮೇಲೆ ಒಲೆಯ ಬಾಯಿಗೆ ನಿಲ್ಲಿಸಿ ಕಟಕ್ ಎನ್ನುವವರೆಗೆ ಒಣಗಿಸಬೇಕು. ಇಷ್ಟೇ. ಮೈದಾ ಬೆರೆಸಬಹುದೇ ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಬಲಗೈ ಮುರಿದು ಕೂಡಿದ ಕೈ. ಮುರಿದವನು ಅವಳ ಗಂಡ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅವರ ಮನೆ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ತಾಟು ಅವಳ ಮುಖಕ್ಕೆ ಬರುತ್ತಿತ್ತು, ಕಡಿಮೆಯಾದರೆ ಕೈಗೆ ಸಿಕ್ಕಿದ್ದು ಬರುತ್ತಿತ್ತು. ಒಮ್ಮೆ ಕಾದ ಹಂಚಿಗೆ ಅವಳ ಅಂಗೈ ಒತ್ತಿ ಹಿಡಿದಿದ್ದ. ಇನ್ನೊಮ್ಮೆ ಬಿದ್ದ ಏಟಿಗೆ ಎಡಗಿವಿ ಕೇಳದಂತಾಯಿತು. ಓಣಿ ಇಕ್ಕಟ್ಟು, ಅವಳ ಚೀರಾಟ ಎಲ್ಲರ ಮನೆಗೂ ಮುಟ್ಟುತ್ತಿತ್ತು. ಗಂಡ ಹೆಂಡತಿ ಜಗಳ ಎಂದು ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇವನು ಒಂದಲ್ಲ ಒಂದು ದಿನ ಅವಳನ್ನು ಕೊಂದೇ ಬಿಡುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು. ಬೆಳವಣಕಿಗೆ, ನನ್ನ ಮನೆಗೆ ಬಾ ಎಂದು ಕರೆದು ಕರೆದು ಸಾಕಾಗಿದ್ದೆ.

"ಓಣಿ ಮಂದಿ ಚಲೋ ಅದಾರವಾ. ಒಂದಿನ ಅವರೇ ಅವಗ ಬುದ್ಧಿ ಹೇಳ್ತಾರ," ಎನ್ನುತ್ತಿದ್ದಳು ಅಕ್ಕ.

ಆ ವರ್ಷ ರೊಟ್ಟಿ ಪಂಚಮಿಗೆ ನಾನು ಅವಳ ಮನೆಯಲ್ಲಿದ್ದೆ. ನಾಗರ ಪಂಚಮಿಗೆ ಮುನ್ನ ಬರುವ ಆ ದಿನ ಎಲ್ಲರೂ ರೊಟ್ಟಿ, ಪಲ್ಯ, ಚಟ್ನಿ ತಾಟಿನಲ್ಲಿಟ್ಟು ಮನೆ ಮನೆಗೆ ಬೀರುತ್ತಾರೆ. ಜಾತಿ ಯಾರೂ ಕೇಳುವುದಿಲ್ಲ. ಪಕ್ಕದ ಮನೆಯ ಖಾಲಾ, ಪಾತ್ರೆಯಲ್ಲಿ ಮರಳು ಕಾಯಿಸಿ ಬೇಯಿಸಿದ ನಾನಕಟಾಯಿ ಬಿಸ್ಕತ್ತು ಕಳಿಸಿದ್ದರು. ಅಕ್ಕ ಬುಟ್ಟಿ ತುಂಬ ರೊಟ್ಟಿ ಮಾಡಿದ್ದಳು.

ಎದುರು ಮನೆಯ ಅಮ್ಮ ತಾಟು ಹಿಡಿದು ಬಂದರು. ಅವರಿಗೆ ಕೊಡಲು ಅಕ್ಕ ಬುಟ್ಟಿಯನ್ನು ಬಾಗಿಲಿಗೇ ತಂದಳು. ಅಷ್ಟರಲ್ಲಿ ಹೊರಗಿನಿಂದ ಭಾವ ಬಂದ.

"ನಾ ದುಡದದ್ದು ಊರಿಗೆಲ್ಲಾ ಹಂಚ್ತಿಯೇನ?" ಎನ್ನುತ್ತಲೇ ಅವಳ ಬಾಯಿಗೆ ಗುದ್ದಿದ. ಹಲ್ಲು ತುಟಿಗೆ ನೆಟ್ಟು ರಕ್ತ ಚಿಮ್ಮಿತು. ಅಡ್ಡ ಬಂದ ನನ್ನನ್ನು ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. "ಹಬ್ಬದ ದಿನಾ ಬ್ಯಾಡೋ ತಮ್ಮಾ," ಎಂದು ಅಮ್ಮ ಹಿಂದೆ ಸರಿದು ನಿಂತರು. ಅಕ್ಕ ಬಿದ್ದಳು, ಬುಟ್ಟಿ ಮಗುಚಿತು. ಅವನು ಅವಳ ಪಕ್ಕೆಗೆ ಒದ್ದ. ಅಷ್ಟಕ್ಕೂ ಸಿಟ್ಟು ತೀರದೆ, ಚೆಲ್ಲಿದ ರೊಟ್ಟಿಗಳನ್ನು ಚಪ್ಪಲಿ ಕಾಲಿನಿಂದ ತುಳಿದು ತುಳಿದು ಪುಡಿ ಮಾಡಿದ.

ಆಗ ಓಣಿ ಎದ್ದಿತು. "ಅನ್ನಾ ತುಳದ್ಯಲ್ಲೋ, ನಿನ್ನ ಕಾಲು ಸೇದಿ ಹೋಗ್ಲಿ!" ಎಂದು ಅಮ್ಮ ತಾಟಿನಿಂದಲೇ ಅವನ ಹಣೆಗೆ ಬಾರಿಸಿದರು. ಮಗ್ಗ ಬಿಟ್ಟು ಗಂಡಸರು ಓಡಿ ಬಂದರು. ಕೊರಳಪಟ್ಟಿ ಹಿಡಿದು ಬೀದಿಗೆಳೆದು, ಚಪ್ಪಲಿ, ಕಟ್ಟಿಗೆ, ಸಿಕ್ಕಿದ್ದರಲ್ಲಿ ಬಡಿದರು. ಮೂಗು ಒಡೆಯಿತು, ಒಂದು ಕಣ್ಣು ಬಾತು ಮುಚ್ಚಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಇನ್ನೆರಡು ಹಾಕ್ರಿ ಎಂದು ನಾನೂ ಕೂಗಿದೆ. ಕೊನೆಗೆ ಅವನನ್ನು ಮಂಡಿಯೂರಿಸಿ, ರೊಟ್ಟಿ ಚೂರುಗಳನ್ನು ಅವನ ಕೈಯಿಂದಲೇ ಆಯಿಸಿದರು. ಅವನು ಅವನ್ನು ಕಣ್ಣಿಗೊತ್ತಿಕೊಂಡು "ತಪ್ಪಾತ್ರಿ" ಎಂದು ಕೈ ಮುಗಿದ. ಎಲ್ಲರಿಗೂ ಸಮಾಧಾನವಾಯಿತು.

"ತಪ್ಪಾತು ಅಂದನಲ್ಲವಾ, ಇನ್ನ ಸಾಕು. ಒಳಗ ಕರಕೊಂಡು ಹೋಗಿ ಅವನ ಮಾರಿ ತೊಳಿ," ಎಂದರು ಅಮ್ಮ ಅಕ್ಕನಿಗೆ.

ಅಕ್ಕ ಗೋಡೆ ಹಿಡಿದು ಎದ್ದಳು. ಗದ್ದದಿಂದ ಇಳಿದ ರಕ್ತಕ್ಕೆ ಕುಪ್ಪಸ ತೊಯ್ದಿತ್ತು. ಯಾರೂ ಅವಳಿಗೆ ಒಂದು ಲೋಟ ನೀರು ಕೊಟ್ಟಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ರೊಟ್ಟಿ ತುಳದಾ ಅಂತ ಎಲ್ಲಾರೂ ಬಂದ್ರಿ. ನನ್ನ ಕೈ ಮುರದಾಗ ಎಲ್ಲಿದ್ರಿ?"

ಅಮ್ಮ ತಮ್ಮ ತಾಟು ಎಷ್ಟು ನೆಗ್ಗಿದೆ ಎಂದು ನೋಡುತ್ತ ನಿಂತರು. ಅಕ್ಕ ನನ್ನ ತೋಳು ಹಿಡಿದು, "ನಡಿ, ಲಗೂ ನಡಿ," ಎಂದಳು. ಬಟ್ಟೆ ಕಟ್ಟಿಕೊಳ್ಳಲಿಲ್ಲ, ಒಳಗೂ ಹೋಗಲಿಲ್ಲ.

ಬಸ್ ಸ್ಟ್ಯಾಂಡಿನ ನಳದಲ್ಲಿ ಬಾಯಿ ಮುಕ್ಕಳಿಸಿ, ನನ್ನೂರಿನ ದಾರಿಯ ರೋಣದ ಬಸ್ಸು ಹತ್ತಿದಳು. ಬಸ್ಸು ಊರು ದಾಟಿದ ಮೇಲೆ ನೋಡಿದೆ, ಅವಳು ಬರಿಗಾಲಿನಲ್ಲಿದ್ದಳು.

"ಅಕ್ಕಾ, ಚಪ್ಪಲಿ?"

"ಇರ್ಲಿ ಬಿಡು. ಅದಕ್ಕಂತ ತಿರುಗಿ ಹೋಗಂಗಿಲ್ಲ."