ಪೊಜಿಯೇರ್ ಕಂದಕಕ್ಕೆ ನೀರು ಹೊತ್ತ ಆಲ್ಫ್

ಬೆಳಕು ಹರಿಯುವ ಮುನ್ನವೇ ಆಲ್ಫ್ ಪೆನ್‌ಬರ್ತಿಯ ಹಾಲಿನ ಗಾಡಿ ನಮ್ಮ ಬೀದಿಗೆ ಬರುತ್ತದೆ. ಬಲಗಾಲು ಎಳೆದುಕೊಂಡು ಅವನು ಗೇಟು ಗೇಟಿಗೂ ಇಳಿಯುತ್ತಾನೆ. ಎಡಗಿವಿ ಕೇಳಿಸದ ಕಾರಣ ರಸ್ತೆ ದಾಟುವಾಗ ಇಡೀ ಮೈ ತಿರುಗಿಸಿ ನೋಡುತ್ತಾನೆ. ವಯಸ್ಸು ಇಪ್ಪತ್ತೆರಡು.

"ಏನೋ ಆಲ್ಫ್, ಹಾಲಿಗೆ ನೀರು ಹಾಕೋದನ್ನ ಫ್ರಾನ್ಸ್‌ನಲ್ಲೇ ಕಲಿತ್ಯಾ?" ಮಾಂಸದಂಗಡಿಯ ಹ್ಯಾಗನ್ ಕೆಣಕುತ್ತಾನೆ.

"ಅಲ್ಲಿ ಕುಡಿಯೋಕೇ ನೀರಿರಲಿಲ್ಲ, ಹಾಲಿಗೆಲ್ಲಿಂದ ತರ್ಲಿ?"

ಇಂದು ಆ ಉತ್ತರದಲ್ಲಿ ನಗುವಿಲ್ಲ. ಮುಂದಿನ ತಿರುವಿನಲ್ಲಿ ಮಿಸೆಸ್ ಟ್ರೆವೀನರ ಮನೆ. ಊರ ಪತ್ರಿಕೆಗೆ ಬರೆಯಲೆಂದು ಗಾಡಿಯಲ್ಲಿ ಪಕ್ಕ ಕೂತಿರುವ ನನಗೆ ಅವನು ತನ್ನ ಕಥೆ ಹೇಳುತ್ತಿದ್ದಾನೆ.

೧೯೧೬ರಲ್ಲಿ, ಫ್ರಾನ್ಸ್‌ನ ಪೊಜಿಯೇರ್ ಹಳ್ಳಿಯ ಕಾಳಗದಲ್ಲಿ, ಖಾಲಿ ಪೆಟ್ರೋಲ್ ಡಬ್ಬಿಗಳಲ್ಲಿ ನೀರು ತುಂಬಿ ಮುಂಚೂಣಿಗೆ ಮುಟ್ಟಿಸುವುದು ಆಲ್ಫ್‌ನ ಕೆಲಸವಾಗಿತ್ತು. "ಗುಂಡು ಹಾರಿಸಿದ್ದು ಕಮ್ಮಿ, ಡಬ್ಬಿ ಹೊತ್ತಿದ್ದೇ ಹೆಚ್ಚು. ನೀರು ಪೆಟ್ರೋಲ್ ನಾತ ಹೊಡೆಯೋದು. ಬೈಕೊಂಡೇ ಕುಡಿಯೋರು."

ಟ್ರೆವೀನರ ಒಬ್ಬನೇ ಮಗ ಪರ್ಸಿ ಅವನ ಜೊತೆಗಾರ. ಒಂದು ಮಧ್ಯಾಹ್ನ ಇಬ್ಬರ ಹತ್ತಿರವೇ ಫಿರಂಗಿಯ ಷೆಲ್ ಬಿತ್ತು. ಆಲ್ಫ್‌ನ ತೊಡೆ ಸೀಳಿತು, ಕಿವಿ ಹೋಯಿತು. ಪರ್ಸಿ ಸಂಜೆಯವರೆಗೆ ಜೀವ ಹಿಡಿದಿದ್ದ. ಗಾಯಾಳುಗಳನ್ನು ಹೊರುವವರು ಬದುಕಿದ್ದ ಆಲ್ಫ್‌ನನ್ನು ಹೊತ್ತೊಯ್ದು, ಪರ್ಸಿಯ ಶವಕ್ಕಾಗಿ ಮತ್ತೆ ಬರುವಷ್ಟರಲ್ಲಿ ಷೆಲ್‌ಗಳು ಆ ನೆಲವನ್ನೇ ಬುಡಮೇಲು ಮಾಡಿದ್ದವು. ಶವ ಸಿಗಲಿಲ್ಲ; ಪರ್ಸಿಯ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು.

ಊರಿಗೆ ಮರಳಿದ ಆಲ್ಫ್‌ನನ್ನು ಪರ್ಸಿಯ ತಾಯಿ ಮಗನೇನಾದ ಎಂದು ಕೇಳಿದರು. "ಗೊತ್ತಿಲ್ಲ ಅಂದ್ಬಿಟ್ಟೆ. ಹೇಳೋಕೆ ಬಾಯೇ ಬರಲಿಲ್ಲ," ಎನ್ನುತ್ತಾನೆ ಆಲ್ಫ್. ಮಗ ನೆನಪು ಕಳೆದುಕೊಂಡು ಎಲ್ಲೋ ಇದ್ದಾನೆಂದು ಅವರು ನಂಬಿದರು. ಸೈನಿಕರ ಹಡಗು ಬಂದಾಗಲೆಲ್ಲ ಮೆಲ್ಬರ್ನ್ ಬಂದರಿಗೆ ಹೋಗಿ ನಿಂತರು.

ಕಳೆದ ಸೋಮವಾರ ಗೇಟಿನಲ್ಲಿ ತಡೆದು ಅವರೇ ಹೇಳಿದರು: "ಮುಂದಿನ ವಾರದಿಂದ ಹಾಲು ಬೇಡ ಆಲ್ಫ್. ಮನೆ ಮಾರ್ತಿದೀನಿ. ಇಂಗ್ಲೆಂಡಿಗೆ ಹೋಗಿ ಒಂದೊಂದು ಆಸ್ಪತ್ರೇನೂ ಹುಡುಕ್ತೀನಿ."

"ಹೋಗ್ಬೇಡಿ ಮಿಸೆಸ್ ಟ್ರೆವೀನ್. ಪರ್ಸಿ ನನ್ನ ಪಕ್ಕದಲ್ಲೇ ತೀರ್ಕೊಂಡ."

"ದಿನಾ ನನ್ನ ಬಾಗಿಲಿಗೆ ಬರ್ತಿದ್ಯಲ್ಲೋ! ದಿನಾ!" ಬಾಗಿಲು ದಡಾರನೆ ಮುಚ್ಚಿತು. ಆಮೇಲೆ ತೆರೆದಿಲ್ಲ. ಕಿಟಕಿಯ ಪರದೆಯೂ ಸರಿದಿಲ್ಲ. "ಏನಾದ್ರೂ ಮಾಡ್ಕೊಂಡ್ರೆ?" ಎಂದು ಆಲ್ಫ್ ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಿದ್ದಾನೆ.

ಗಾಡಿ ತಿರುಗುತ್ತದೆ. ಮಿಸೆಸ್ ಟ್ರೆವೀನ್ ಮೆಟ್ಟಿಲ ಮೇಲೆ ಶಾಲು ಹೊದ್ದು ಕುಳಿತಿದ್ದಾರೆ.

"ನೀರು ಕೇಳಿದ್ನಾ?"

"ಕೇಳಿದ. ಡಬ್ಬಿ ತೂತು ಬಿದ್ದಿತ್ತು. ತಳದಲ್ಲಿ ಉಳಿದಿದ್ದನ್ನ ಕುಡಿಸ್ದೆ."

ಅವರು ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಮಾಡುತ್ತಾರೆ. "ಕೂತ್ಕೊ. ಮೊದಲಿಂದ ಹೇಳು."

ಮಿಸೆಸ್ ಟ್ರೆವೀನರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಬಗ್ಗೆ ಏನು ಬರೆಯಲಿ ಎಂದರೆ ಆಲ್ಫ್ ಮುಜುಗರದಿಂದ ಟೋಪಿ ತೆಗೆಯುತ್ತಾನೆ.

"ಪದಕ ಗಿದಕ ಏನಿಲ್ಲ. ನೀರು ಹೊತ್ವಿ. ಮುಂದಿದ್ದೋರು ಕುಡಿದ್ರು. ಪರ್ಸಿ ಹೆಸರು ಮೊದಲು ಹಾಕಿ."